ಮೂವತ್ತು ಮೀನು, ಒಬ್ಬ ಲೀಡರ್

ಈ ಮನೆಗೆ ಮೀನು ಬರುವುದಾದರೆ ಅದನ್ನು ಆರಿಸುವವಳು ನಾನೇ ಎಂದು ಹಾಲ್‌ನ ಮಧ್ಯೆ ನಿಂತು ಘೋಷಣೆ ಮಾಡಿದೆ. ಕೇಳಿದವರು ಇಬ್ಬರು, ಮಗ ಮತ್ತು ಸೊಸೆ. ಮಗ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಮನೆಯಲ್ಲಿ ಯಾರ ಮಾತಿಗೂ ಮೇಲೆ ಕೆಳಗೆ ಆಗುವುದಿಲ್ಲ. ಅವನು ಪೇಪರಿನ ಹಿಂದೆ ಅಡಗಿದ. ಸೊಸೆ ಮಾತ್ರ ನನ್ನನ್ನೇ ನೋಡಿದಳು.

ನನ್ನ ಯೋಗ್ಯತೆ ಏನೆಂದು ನಿಮಗೂ ಹೇಳಿಬಿಡುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಪ್ರೈಮರಿ ಶಾಲೆಯಲ್ಲಿ ಆಯಾ ಆಗಿ ಒಂದನೇ ಕ್ಲಾಸಿನಲ್ಲೇ ಮೂವತ್ತೊಂದು ವರ್ಷ ಕೂತವಳು. ಅಷ್ಟು ವರ್ಷ ಒಂದೇ ಕ್ಲಾಸು ಓದಿದವರು ಈ ಲೋಕದಲ್ಲಿ ಬೇರೆ ಯಾರಿದ್ದಾರೆ? ಅಕ್ಷರ ಕಲಿಸುವುದು ಟೀಚರ ಕೆಲಸ. ಯಾರ ಪಕ್ಕ ಯಾರು ಕೂರಬೇಕು ಎನ್ನುವುದು ನನ್ನ ಇಲಾಖೆ. ಜೂನ್ ತಿಂಗಳ ಮೊದಲ ದಿನ ಗೇಟಿನಲ್ಲಿ ನಿಂತು ನೋಡಿದರೆ ಸಾಕು, ಯಾವ ಮಗು ಚಿವುಟುತ್ತದೆ, ಯಾವುದು ಕಚ್ಚುತ್ತದೆ, ಯಾವುದು ತಾನೇ ಕಚ್ಚಿ ತಾನೇ ಅಳುತ್ತದೆ ಎಂದು ಹೇಳಿಬಿಡುತ್ತಿದ್ದೆ. ನಲವತ್ತು ಮಕ್ಕಳನ್ನು ಒಂದು ಚಾಪೆಯ ಮೇಲೆ ರಕ್ತಪಾತವಿಲ್ಲದೆ ಕೂರಿಸಿದವಳಿಗೆ ಮೀನು ಯಾವ ಲೆಕ್ಕ!

ಮೀನಿನ ತೊಟ್ಟಿ ಬಂದದ್ದು ಸೊಸೆಯಿಂದ. ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಲ್ಲಿಯ ಕಾಯುವ ಕೋಣೆಗೆ ಹೊಸ ಬಣ್ಣ ಹೊಡೆದಾಗ ಹಳೆಯ ತೊಟ್ಟಿಯನ್ನು ಯಾರು ಹೊರುತ್ತಾರೋ ಅವರಿಗೇ ಎಂದರಂತೆ. ಹೊತ್ತದ್ದು ಆರು ಜನ. ನಮ್ಮ ಬಾಗಿಲನ್ನು ಕೀಲಿನಿಂದಲೇ ಬಿಚ್ಚಿ ಅದನ್ನು ಒಳಗೆ ತರಬೇಕಾಯಿತು. ಅದರೊಳಗೆ ನಾನು ಕಾಲು ಚಾಚಿ ಮಲಗಿದರೂ ತಲೆಯ ಹತ್ತಿರ ಇನ್ನೊಂದು ದಿಂಬಿಗೆ ಜಾಗ ಉಳಿಯುತ್ತಿತ್ತು. ಅದು ಬಂದು ಕೂತದ್ದು ಎಲ್ಲಿ? ನನ್ನ ಬೆಂಚು ಇದ್ದ ಗೋಡೆಗೆ. ಜಾಗ ಬಿಟ್ಟುಕೊಟ್ಟವಳು ನಾನು ಅಂದಮೇಲೆ ಆಯ್ಕೆಯ ಹಕ್ಕೂ ನನ್ನದೇ ಅಲ್ಲವೇ?

ಆದರೆ ಆ ಹೊತ್ತಿಗೆ ಮನೆಯಲ್ಲಿ ಆಯ್ಕೆಯ ವಿಷಯದಲ್ಲಿ ನನ್ನ ಹೆಸರು ಸ್ವಲ್ಪ ಕೆಟ್ಟಿತ್ತು. ತರಕಾರಿ ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡು ಎರಡು ತಿಂಗಳಾಗಿತ್ತು. ಕಾರಣ ತೀರ ಸಣ್ಣದು. ಒಂದು ದಿನ ತಂದ ಬದನೆಕಾಯಿಯಲ್ಲಿ ಹುಳಗಳು ಸಂಸಾರ ಹೂಡಿದ್ದವು. ಇನ್ನೊಂದು ದಿನ ಬೀನ್ಸ್ ಎಂದು ತಂದದ್ದರಲ್ಲಿ ಅರ್ಧದಷ್ಟು ಹಸಿಮೆಣಸಿನಕಾಯಿ ಇತ್ತು. ಬಾಯಿ ಬಿಡದ ಮಗ ಅವತ್ತು ಬಾಯಿ ಬಿಟ್ಟುಕೊಂಡೇ ಒಂದು ಗಂಟೆ ಕೂತಿದ್ದ. ಸೊಸೆ ನನ್ನನ್ನು ಬೆಳಕಿಗೆ ತಿರುಗಿಸಿ, ರೆಪ್ಪೆ ಎತ್ತಿ ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಲೇಬೇಕು ಎಂದಳು. ನನ್ನ ಕಣ್ಣು ಚೆನ್ನಾಗಿಯೇ ಇದೆ, ಈಗಿನ ಬಲ್ಬುಗಳೇ ಸರಿಯಿಲ್ಲ ಎಂದೆ. ಸೂರ್ಯನೂ ಬಲ್ಬೇನು ಎಂದು ಕೇಳಿದಳು. ಅವನಿಗೂ ವಯಸ್ಸಾಯಿತು ಎಂದೆ.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ನಮ್ಮ ಯಜಮಾನರು ಸಣ್ಣ ಆಪರೇಷನ್ನು, ಸಂಜೆಗೆ ಬಂದುಬಿಡುತ್ತೇನೆ ಎಂದು ಆಸ್ಪತ್ರೆಗೆ ಹೋದವರು. ಸಂಜೆಗೆ ಅವರ ಚಪ್ಪಲಿ ಮಾತ್ರ ವಾಪಸ್ ಬಂತು. ಹನ್ನೆರಡು ವರ್ಷವಾಯಿತು. ಸಣ್ಣ ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನ್ನ ಕಣ್ಣು ಆ ಚಪ್ಪಲಿ ಇಟ್ಟ ಮೂಲೆಗೆ ಹೋಗುತ್ತದೆ. ಪೊರೆ ಬಂದ ಮೇಲೂ ಅದೊಂದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

ಇದನ್ನೆಲ್ಲ ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಮೀನು ನಾನೇ ಆರಿಸುತ್ತೇನೆ ಎಂದು ಹಟ ಹಿಡಿದೆ ಅಷ್ಟೆ.

"ಸರಿ ಅತ್ತೆ, ಮೀನು ನೀವೇ ಆರಿಸಿ," ಎಂದಳು ಸೊಸೆ. "ಒಂದು ತಿಂಗಳು ನೀವೇ ನೋಡ್ಕೊಳ್ಳಿ. ಮೂವತ್ತನೇ ದಿನ ಬೆಳಿಗ್ಗೆ ಎಲ್ಲಾ ಮೀನನ್ನೂ ಒಂದೊಂದಾಗಿ ಬೆರಳಿಟ್ಟು ತೋರಿಸಿ. ತೋರಿಸಿದ್ರೆ ತರಕಾರಿ ಚೀಲ ನಿಮ್ದು. ಕಣ್ಣಿನ ಮಾತು ನಾನು ಎತ್ತೋದಿಲ್ಲ. ಒಂದೇ ಒಂದು ಕಮ್ಮಿ ಆದ್ರೂ ಮಾರನೇ ದಿನ ಆಸ್ಪತ್ರೆಗೆ ನಡೀರಿ."

"ಲೆಕ್ಕ ಮಾಡೋದು ಯಾರು?"

"ನೀವೇ. ನಾನು ಮಧ್ಯೆ ಬಾಯಿ ಹಾಕಲ್ಲ."

ನನ್ನ ಲೆಕ್ಕಕ್ಕೆ ನಾನೇ ಸಾಕ್ಷಿ! ಪಾಪ, ಓದಿದ ಹುಡುಗಿ, ವ್ಯವಹಾರ ಗೊತ್ತಿಲ್ಲ ಎಂದು ಮರುಗಿದೆ. ಆ ಮರುಕ ಯಾರಿಗೆ ಸಲ್ಲಬೇಕಿತ್ತು ಎನ್ನುವುದು ಆಮೇಲೆ ತಿಳಿಯಿತು.

ಮಾರನೇ ದಿನ ಮೀನಂಗಡಿಗೆ ಹೋದೆವು. ಅಂಗಡಿಯವನು ಗುಂಡಗಿನ ಮನುಷ್ಯ. ದಿನವಿಡೀ ಗುಳುಗುಳು ಸದ್ದಿನ ನಡುವೆ ಇದ್ದು ಇದ್ದು ಅವನ ಮಾತೂ ಗುಳ್ಳೆ ಬಂದ ಹಾಗೆ ಒಂದೊಂದೇ ಮೇಲೆ ಬರುತ್ತಿತ್ತು. ಮೊದಲು ನೀರು ಬೆಚ್ಚಗಿಡುವ ಹೀಟರ್ ತೋರಿಸಿದ. ನಮ್ಮ ನಲ್ಲಿಯಲ್ಲಿ ಮಧ್ಯಾಹ್ನ ಕೈ ಇಟ್ಟು ನೋಡಪ್ಪ, ಇಲ್ಲಿ ನೀರಿಗೆ ಬೇಕಾಗಿರುವುದು ಒಲೆಯಲ್ಲ, ಬೀಸಣಿಗೆ ಎಂದೆ. ಆ ಮಾತು ಮಾತ್ರ ಸತ್ಯ ಎಂದು ಅವನೂ ಒಪ್ಪಿದ. ಸೊಸೆಯೂ ಒಪ್ಪಿದಳು. ಒಂದು ಗೆದ್ದೆ!

ಆಮೇಲೆ ಗೋಲ್ಡ್ ಫಿಶ್ ತೋರಿಸಿದ. ಕೆಂಪಗೆ, ದಪ್ಪಗೆ, ಬಾಯಿ ಬಿಡುತ್ತಾ ನಿಂತಿದ್ದವು. ಬೆಳಗಿನ ಪ್ರಾರ್ಥನೆಗೆ ಬಿಸಿಲಲ್ಲಿ ನಿಲ್ಲಿಸಿದರೆ ಮೊದಲು ತಲೆ ತಿರುಗಿ ಬೀಳುವ ಮಕ್ಕಳು ಇವೇ ಎಂದು ನೋಡಿದ ತಕ್ಷಣ ಗೊತ್ತಾಯಿತು. ಬೇಡ ಎಂದೆ. ಇವು ತಣ್ಣೀರಿನ ಮೀನು, ಸೆಕೆ ತಡೆಯಲಾರವು, ನಿಮಗೆ ಹೇಗೆ ತಿಳಿಯಿತು ಎಂದು ಅವನು ಬೆರಗಾದ. ನಾನು ಸೊಸೆಯ ಕಡೆ ನೋಡಿ ಗಂಟಲು ಸರಿಮಾಡಿಕೊಂಡೆ.

ಉದ್ದುದ್ದ ರೆಕ್ಕೆ ಇಳಿಬಿಟ್ಟ ಏಂಜೆಲ್ ಬಂತು. ಪಕ್ಕದಲ್ಲೇ ಪಟ್ಟೆ ಅಂಗಿ ತೊಟ್ಟ ಟೈಗರ್ ಬಾರ್ಬ್ ಬಂತು. ಎರಡು ಜಡೆಯ ಹುಡುಗಿಯ ಹಿಂದೆ ಇಂಥವನನ್ನು ಕೂರಿಸಿದರೆ ಮಧ್ಯಾಹ್ನದೊಳಗೆ ಜಡೆ ಇರುವುದಿಲ್ಲ, ಎರಡರಲ್ಲಿ ಒಂದು ಮಾತ್ರ ಎಂದೆ. ಪಟ್ಟೆಯವರನ್ನೇ ಆರಿಸಿದೆ. ಎರಡು ಮೂರು ಅಲ್ಲ, ಎಂಟು. ತುಂಟರನ್ನು ಚದುರಿಸಿ ಕೂರಿಸಿದರೆ ಊರಿಗೆಲ್ಲ ಕಾಟ. ಒಟ್ಟಿಗೆ ಕೂರಿಸಿದರೆ ತಮ್ಮತಮ್ಮಲ್ಲೇ ಕಿತ್ತಾಡಿ ದಣಿಯುತ್ತಾರೆ. ಅಂಗಡಿಯವನು ಸ್ಟೂಲು ಎಳೆದು ನನ್ನನ್ನು ಕೂರಿಸಿದ. "ಅಮ್ಮ, ಇಷ್ಟು ತಿಳ್ಕೊಂಡವರು ಈ ಅಂಗಡಿಗೆ ಇದುವರೆಗೂ ಬಂದಿಲ್ಲ," ಎಂದ.

ಹೊಗಳಿಕೆ ನೆತ್ತಿಗೇರಿತು. ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುವ ಗೌರಾಮಿ ಆರು. ಕಿಟಕಿಯಿಂದ ತಲೆ ಹೊರಗೆ ಹಾಕುವ ಮಕ್ಕಳು, ಸೆಕೆಗೆ ಜಗ್ಗುವವರಲ್ಲ. ಕಪ್ಪು ಮೋಲಿ ಆರು. ತಳದಲ್ಲಿ ಬಿದ್ದದ್ದನ್ನೆಲ್ಲ ಹೆಕ್ಕುತ್ತಾ ತಿರುಗುವ ಮೀಸೆ ಮೀನು ನಾಲ್ಕು. ಅವರು ನನ್ನ ವೃತ್ತಿಯವರು, ಬಿಟ್ಟು ಬರಲು ಮನಸ್ಸಾಗಲಿಲ್ಲ. ಒಟ್ಟು ಇಪ್ಪತ್ತನಾಲ್ಕು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಮಧ್ಯದ ನೀರು ಖಾಲಿ ಕಾಣುತ್ತದೆ, ತುಂಬಾ ಸಾಧು, ಗುಂಪಾಗಿ ಇರುತ್ತವೆ ಎನ್ನುತ್ತಾ ಅಂಗಡಿಯವನು ನನ್ನನ್ನು ಕೊನೆಯ ತೊಟ್ಟಿಯ ಮುಂದೆ ನಿಲ್ಲಿಸಿದ. "ಗ್ಲಾಸ್ ಫಿಶ್ ಅಮ್ಮ. ಮೈಯೆಲ್ಲ ಗಾಜು. ಒಳಗಿನ ಮುಳ್ಳೂ ಕಾಣುತ್ತೆ ನೋಡಿ."

ನೋಡಿದೆ. ಮುಳ್ಳು ಇರಲಿ, ಮೀನೇ ಕಾಣಲಿಲ್ಲ. ನೀರು ಕಂಡಿತು, ಹಿಂದಿನ ಗೋಡೆ ಕಂಡಿತು, ಗೋಡೆಯ ಮೇಲಿನ ಕ್ಯಾಲೆಂಡರ್ ಮಸುಕುಮಸುಕಾಗಿ ಕಂಡಿತು. ಪಕ್ಕದಲ್ಲಿ ಸೊಸೆ ಕೈ ಕಟ್ಟಿ ನಿಂತಿದ್ದಳು.

"ಹೇಗಿವೆ ಅತ್ತೆ?"

"ಲಕ್ಷಣವಾಗಿವೆ," ಎಂದೆ. "ಆರು ಕೊಡಪ್ಪ. ಆ ಮೂಲೆಯಲ್ಲಿರೋದನ್ನೂ ಸೇರಿಸಿ ಕೊಡು."

ಹೀಗೆ ನಾನು ನನ್ನ ಜೀವಮಾನದಲ್ಲಿ ಮೊದಲ ಸಲ, ಕಾಣದ್ದನ್ನು ಕಣ್ಣಾರೆ ನೋಡಿ ಆರಿಸಿದೆ.

ಮನೆಗೆ ಬಂದು ಮೀನುಗಳನ್ನು ಬಿಟ್ಟೆವು. ಸೊಸೆಗೆ ಲ್ಯಾಬಿನ ಚಾಳಿ. ಒಂದು ಗಂಟೆ ತೊಟ್ಟಿಯ ಮುಂದೆ ನಿಂತು ನೀರಿಗೆ ಕಾಗದದ ಪಟ್ಟಿ ಅದ್ದಿದಳು, ಬಣ್ಣ ಹೋಲಿಸಿದಳು, ಬ್ಯಾಗಿನಿಂದ ಇನ್ನೂ ಏನೇನೋ ತೆಗೆದಳು. ನನಗೆ ಅದನ್ನೆಲ್ಲ ನೋಡುತ್ತಾ ಕೂರಲು ಪುರುಸೊತ್ತಿರಲಿಲ್ಲ. ಟ್ರಂಕಿನ ತಳದಿಂದ ಹಳೆಯ ಹಾಜರಿ ಪುಸ್ತಕ ಹುಡುಕಿ ತೆಗೆದೆ. ಅದರ ಖಾಲಿ ಪುಟದಲ್ಲಿ ಮೂವತ್ತು ಸಾಲು ಗೀಚಿದೆ. ತರಗತಿ ಶುರುವಾಯಿತು.

ಮೊದಲ ದಿನದ ಹಾಜರಿ ಇಪ್ಪತ್ತನಾಲ್ಕು. ಎರಡನೇ ದಿನವೂ ಇಪ್ಪತ್ತನಾಲ್ಕು. ಗಾಜಿನವರು ಆರು ಜನರ ಸುಳಿವೇ ಇಲ್ಲ. ಮೂರನೇ ದಿನ ಬೆಳಿಗ್ಗೆ ಗಾಜಿಗೆ ಮೂಗು ಒತ್ತಿ ನಿಂತಿದ್ದೆ. ಆಗ ಕಂಡ ನೋಡಿ! ಗೇಣಿಗೆ ಸ್ವಲ್ಪ ಕಮ್ಮಿ ಉದ್ದ, ಸಪೂರ ಮೈ, ಅಂಗಡಿಯವನು ಹೇಳಿದ ಹಾಗೆಯೇ ಗಾಜು. ಒಳಗಿನ ಮುಳ್ಳು ಕೆಂಪು ಗೆರೆಯಾಗಿ ಮಸುಕಾಗಿ ಹೊಳೆಯುತ್ತಿತ್ತು. ಉಳಿದವರ ಹಾಗೆ ಅಡ್ಡಡ್ಡ ಓಡಾಡದೆ ನೆಟ್ಟಗೆ, ತಲೆ ಮೇಲೆ ಮಾಡಿ, ನಿಧಾನವಾಗಿ ತೇಲಿ ಬಂದ. ನನ್ನ ಮುಂದೆ ನಿಂತ. ಗಾಜನ್ನು ಬೆರಳಿನಿಂದ ತಟ್ಟಿದೆ. ತಲೆದೂಗಿದ.

ಮೂವತ್ತೊಂದು ವರ್ಷದಲ್ಲಿ ಅಂಥ ಮಗುವನ್ನು ನಾನು ನೋಡಿರಲಿಲ್ಲ. ತಿಂಡಿ ಹಾಕಿದರೆ ಪಟ್ಟೆಯವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವನು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಯಾರಾದರೂ ಬಂದು ಗುದ್ದಿದರೆ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗುತ್ತಿದ್ದ. ದೂರು ಹೇಳುವವನಲ್ಲ, ಗಲಾಟೆ ಮಾಡುವವನಲ್ಲ. ಕರೆದಾಗೆಲ್ಲ ಹಾಜರ್. ಅವತ್ತೇ ಅವನನ್ನು ಕ್ಲಾಸಿಗೆ ಲೀಡರ್ ಮಾಡಿದೆ. ಉಳಿದವರಿಗೆ ದಿನವೂ ಬುದ್ಧಿ ಹೇಳುತ್ತಿದ್ದೆ. ಲೀಡರನ್ನು ನೋಡಿ ಕಲಿಯಿರೋ, ತಿನ್ನುವುದೊಂದೇ ಬದುಕಲ್ಲ, ನಿಲ್ಲುವುದನ್ನು ಕಲಿಯಿರಿ ಎಂದು. ಮಗ ಶೂ ಹಾಕಿಕೊಳ್ಳುತ್ತಾ ಒಂದು ದಿನ ಲೀಡರ್ ಯಾರಮ್ಮ ಎಂದು ಕೇಳಿದ. ನೆಟ್ಟಗೆ ನಿಂತಿರುವವನೇ ಲೀಡರ್, ನಿನಗೆ ಅದೂ ಗೊತ್ತಾಗುವುದಿಲ್ಲವೇ ಎಂದೆ. ಅವನು ತನ್ನ ಬೆನ್ನನ್ನೇ ನೆಟ್ಟಗೆ ಮಾಡಿಕೊಂಡು ಕೆಲಸಕ್ಕೆ ಹೋದ.

ಲೀಡರ್ ಸೇರಿ ಇಪ್ಪತ್ತೈದು. ಇನ್ನು ಐದು? ದಿನಗಳು ಓಡಿದವು, ಆ ಐವರು ಬರಲಿಲ್ಲ. ಸೊಸೆ ಸಂಜೆ ಬಂದು ಕೈಕಾಲು ತೊಳೆಯುತ್ತಾ ಹಾಜರಿ ಎಷ್ಟು ಎಂದು ಕೇಳುವಳು. ಮೂವತ್ತು ಎನ್ನುವೆ. ಅವಳು ಸೀದಾ ಅಡುಗೆಮನೆಗೆ ಹೋಗುವಳು. ಶಾಲೆಯಲ್ಲಿ ಬಾರದ ಮಗುವಿಗೆ ಹಾಜರಿ ಹಾಕಿದವಳಲ್ಲ ನಾನು. ಈಗ ದಿನಕ್ಕೆ ಐದು ಸುಳ್ಳು ಬರೆಯುತ್ತಿದ್ದೆ.

ಅವಳದ್ದೂ ಒಂದು ವಿಚಿತ್ರವಿತ್ತು. ರಜೆಯ ದಿನ ಮಧ್ಯಾಹ್ನ ಸುಮ್ಮನೆ ತೊಟ್ಟಿಯ ಹತ್ತಿರ ಬರುವಳು, ಒಂದು ನಿಮಿಷ ಒಳಗೆ ನೋಡುವಳು, ನೀರಿಗೆ ಸೆಕೆಯಾಗಿದೆ ಎಂದು ಸ್ಟೂಲಿನ ಮೇಲಿನ ಫ್ಯಾನನ್ನು ನೀರಿನ ಕಡೆ ತಿರುಗಿಸಿ ಹಾಕುವಳು. ನನಗೇ ಸೆಕೆ ಎನಿಸದ ದಿನ ನೀರಿಗೆ ಸೆಕೆ ಎಂದು ಇವಳ ಕಿವಿಯಲ್ಲಿ ಯಾರು ಹೇಳುತ್ತಾರೋ ಎಂದು ನಾನು ಗೊಣಗುತ್ತಿದ್ದೆ.

ಇಪ್ಪತ್ತೊಂಬತ್ತನೇ ದಿನ ಬಂದೇಬಿಟ್ಟಿತು. ನಾಳೆ ಬೆರಳಿಟ್ಟು ತೋರಿಸಬೇಕು. ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಸೆರಗು ಸಿಕ್ಕಿಸಿ ನಿಂತೆ. ಮಕ್ಕಳ ಗುಂಪಿನಲ್ಲಿ ಒಬ್ಬ ಕಾಣದಿದ್ದರೆ ನಾನು ಏನು ಮಾಡುತ್ತಿದ್ದೆ? ಉಳಿದವರನ್ನೆಲ್ಲ ಸಾಲುಸಾಲಾಗಿ ಹೊರಗೆ ಕಳಿಸುತ್ತಿದ್ದೆ. ಕೊನೆಗೆ ಕೋಣೆಯಲ್ಲಿ ಉಳಿದವನೇ ಅಡಗಿದವನು. ಎಷ್ಟು ಸುಲಭ!

ಬಲೆ ಹಿಡಿದು ಸ್ಟೂಲು ಹತ್ತಿದೆ. ಪಟ್ಟೆಯವರನ್ನು ಹಿಡಿಯಲು ಒಂದೂವರೆ ಗಂಟೆ ಹಿಡಿಯಿತು. ಅವರನ್ನು ಬಚ್ಚಲಿನ ಬಕೆಟ್ಟಿಗೆ ಹಾಕಿದೆ. ಗೌರಾಮಿಗಳಿಗೆ ಪಾತ್ರೆ ಸಿಗಲಿಲ್ಲ. ಸಿಕ್ಕಿದ್ದು ಕುಡಿಯುವ ನೀರಿನ ಕೊಡ. ಅದನ್ನು ಬರಿದು ಮಾಡಿ, ತೊಟ್ಟಿಯ ನೀರನ್ನೇ ತುಂಬಿ ಬಿಟ್ಟು, ಮೇಲೆ ತಟ್ಟೆ ಮುಚ್ಚಿದೆ. ಮೋಲಿಗಳಿಗೆ ಕುಕ್ಕರ್. ಮೀಸೆಯವರಿಗೆ ಬಟ್ಟೆ ನೆನೆಸುವ ಟಬ್ಬು. ಇಪ್ಪತ್ತನಾಲ್ಕೂ ಹೊರಗೆ! ತೊಟ್ಟಿಯಲ್ಲಿ ಉಳಿದವನು ಲೀಡರ್ ಒಬ್ಬನೇ, ನೆಟ್ಟಗೆ.

ಇನ್ನು ನಾಚಿಕೆ ಸಾಕು, ನೀವು ಐವರೂ ಮರ್ಯಾದೆಯಿಂದ ಮುಂದೆ ಬನ್ನಿ ಎಂದು ಗಾಜು ತಟ್ಟಿದೆ. ಲೀಡರ್ ತಲೆದೂಗಿದ. ಬೇರೆ ಯಾರೂ ಬರಲಿಲ್ಲ. ಆ ತುದಿಯಿಂದ ಈ ತುದಿಗೆ ಮೂಗು ಉಜ್ಜುತ್ತಾ ಹೋದೆ. ನೀರು, ನೀರು, ಬರೀ ನೀರು. ಆಗ ಸತ್ಯ ಹೊಳೆಯಿತು. ಐವರನ್ನೂ ತಿಂದು ಮುಗಿಸಿದ್ದಾರೆ! ಕೊಲೆಗಾರರು ನನ್ನ ಕುಕ್ಕರಿನಲ್ಲೇ ಆರಾಮಾಗಿದ್ದಾರೆ! ನನ್ನ ಆಯ್ಕೆಯೇ ತಪ್ಪಿತು. ಅಂಗಡಿಗೆ ಓಡಿ ಇನ್ನೈದು ತರೋಣವೇ ಎಂದುಕೊಂಡೆ. ಕಾಣದ್ದನ್ನು ಮತ್ತೆ ತಂದರೆ ಕಾಣುತ್ತದೆಯೇ? ನೆಲದ ಮೇಲೆ ಕುಸಿದು ಕೂತೆ. ಕಣ್ಣ ಮುಂದೆ ಚಪ್ಪಲಿ ಬಂತು.

ಆ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದುಕೊಂಡು ಮಗ ಬಂದ. ಕೆಲಸ ಬೇಗ ಮುಗಿದಿತ್ತಂತೆ. ಬಿಸಿಲಲ್ಲಿ ಬಂದವನು ನೇರ ಅಡುಗೆಮನೆಗೆ ಹೋಗಿ, ಕೊಡಕ್ಕೆ ಲೋಟ ಅದ್ದಿ, ಕಣ್ಣು ಮುಚ್ಚಿ ತುಟಿಗಿಟ್ಟ. ಗೌರಾಮಿ ಅವನ ಮೇಲ್ದುಟಿಗೆ ಮುತ್ತು ಕೊಟ್ಟಿತು.

ಮದುವೆಯ ದಿನವೂ ಅಷ್ಟು ಗಾಬರಿಯಾದವನಲ್ಲ ನನ್ನ ಮಗ! ಲೋಟ ಹಾರಿತು, ಮೊಣಕೈ ತಗಲಿ ಕೊಡ ಉರುಳಿತು, ಆರೂ ಗೌರಾಮಿ ಅಡುಗೆಮನೆಯ ನೆಲದ ಮೇಲೆ ಕುಣಿಯತೊಡಗಿದವು. ನೀರು ತಾ, ನೀರು ತಾ ಎಂದು ನಾನು ಕೂಗಿದೆ. ಅವನು ಕುಕ್ಕರ್ ಎತ್ತಿ ನೋಡಿದ, ಅದರಲ್ಲಿ ಮೀನು. ಟಬ್ಬಿಗೆ ಓಡಿದ, ಮೀನು. ಬಚ್ಚಲಿನ ಬಕೆಟ್ಟಿಗೆ ಕೈ ಹಾಕಿದ, ಪಟ್ಟೆಯವರು ಎಂಟೂ ಜನ ಸೇರಿ ಅವನ ಬೆರಳಿನ ರುಚಿ ನೋಡಿದರು.

"ಅಮ್ಮ," ಎಂದ ಬಾಗಿಲು ಹಿಡಿದು, "ಈ ಮನೇಲಿ ಮೀನಿಲ್ಲದ ಪಾತ್ರೆ ಯಾವುದಾದ್ರೂ ಉಂಟಾ?"

"ತೊಟ್ಟಿ," ಎಂದೆ.

ಸೊಸೆ ಬಂದದ್ದು ಆಗಲೇ. ಚಪ್ಪಲಿ ಬಿಟ್ಟಳು, ಬ್ಯಾಗು ಇಟ್ಟಳು, ಏನು ಎತ್ತ ಎಂದು ಕೇಳಲಿಲ್ಲ. ಕೈ ಒದ್ದೆ ಮಾಡಿಕೊಂಡು ನೆಲದ ಮೇಲಿನ ಆರನ್ನೂ ಒಂದೊಂದಾಗಿ ಎತ್ತಿ ತೊಟ್ಟಿಗೆ ಬಿಟ್ಟಳು. ಗಾಳಿ ಕುಡಿಯುವ ಜಾತಿ ಎಂದು ಆರಿಸಿದ್ದೆನಲ್ಲ, ಆರೂ ಬದುಕಿದವು. ಆಮೇಲೆ ಬಕೆಟ್ಟು, ಕುಕ್ಕರ್, ಟಬ್ಬು. ಎಲ್ಲ ಮುಗಿದ ಮೇಲೆ ನಾನು ನೆಲ ನೋಡುತ್ತಾ ಒಪ್ಪಿಕೊಂಡೆ. ಗಾಜಿನವರಲ್ಲಿ ಐವರನ್ನು ಇವರು ತಿಂದಿದ್ದಾರೆ, ಉಳಿದಿರುವುದು ಒಬ್ಬನೇ, ದಿನವೂ ನಾನು ಬರೆದದ್ದು ಸುಳ್ಳು ಹಾಜರಿ.

ಸೊಸೆ ತೊಟ್ಟಿಯ ಮುಂದೆ ಬಗ್ಗಿದಳು. ಬೆರಳು ಆಡಿಸಿದಳು.

"ಆರೂ ಇದಾವಲ್ಲ ಅತ್ತೆ. ಇಲ್ಲೇ, ನಿಮ್ಮ ಮೂಗಿನ ಮುಂದೆ. ಗುಂಪಾಗಿ."

ಮಗನೂ ಬಂದು ಬಗ್ಗಿದ, ಆರು ಎಂದ. ಅವನು ನನ್ನ ಪಕ್ಷ, ಸುಳ್ಳು ಹೇಳುವವನಲ್ಲ.

"ಲೀಡರ್ ಸೇರಿ ಆರಾ?" ಎಂದೆ. "ಅವನು ಆ ಮೂಲೆಯಲ್ಲಿ ನೆಟ್ಟಗೆ ನಿಂತಿದಾನೆ ನೋಡು. ನನಗೆ ಕಾಣೋದು ಅವನೊಬ್ಬನೇ."

ಸೊಸೆ ಆ ಮೂಲೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಆ ಮೂಲೆ ನೋಡಿದಳು. ಮಗ ಏನೋ ಹೇಳಲು ಬಾಯಿ ತೆರೆದ. ಅವನ ಕಾಲ ಮೇಲೆ ಅವಳ ಕಾಲು ಬಿತ್ತು. "ಅವನನ್ನ ಬಿಟ್ಟು ಆರು ಅತ್ತೆ," ಎಂದಳು ಮೆಲ್ಲಗೆ. "ಅಂಗಡಿಯವರು ಒಂದು ಜಾಸ್ತಿ ಕೊಟ್ಟಿರ್ಬೇಕು."

ಅಂಗಡಿಯವನ ಒಳ್ಳೆಯತನಕ್ಕೆ ನನ್ನ ಕಣ್ಣು ತುಂಬಿತು.

"ಮೀನು ಒಂದೂ ಕಮ್ಮಿ ಆಗಿಲ್ಲ," ಎಂದಳು. "ಈ ಸೆಕೇಲಿ ಒಂದೂ ಸತ್ತಿಲ್ಲ, ಒಂದನ್ನೊಂದು ಕಚ್ಚಿಲ್ಲ. ಆರಿಸೋದು ನಿಮಗೆ ಬರುತ್ತೆ ಅತ್ತೆ. ಕಾಣೋದಷ್ಟೇ ಬಾಕಿ."

ಜಗಳವಾಡಿದ್ದರೆ ನಾನೂ ಜಗಳವಾಡುತ್ತಿದ್ದೆ. ಅವಳು ಹೊಗಳಿಬಿಟ್ಟಳು. ನನ್ನ ಬಾಯಿಂದ ತಾನಾಗಿಯೇ ಬಂತು.

"ಅವರ ಚಪ್ಪಲಿ ಮಾತ್ರ ವಾಪಸ್ ಬಂತು ಕಣೇ."

"ಗೊತ್ತು ಅತ್ತೆ. ನಿಮ್ಮ ಚಪ್ಪಲಿ ನಾನು ಕೈಯಲ್ಲೇ ಹಿಡ್ಕೊಂಡು ಕೂತಿರ್ತೀನಿ. ನೀವು ಹೊರಗೆ ಬರೋ ತನಕ ಕೆಳಗಿಡಲ್ಲ."

ಹಾಗೆಯೇ ಕೂತಿದ್ದಳು. ಮೊದಲ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನಾನು ಹೊರಗೆ ಬಂದಾಗ ಎದುರು ಕುರ್ಚಿಯಲ್ಲಿ, ಲ್ಯಾಬಿನ ಬಿಳಿ ಕೋಟಿನ ಮಡಿಲಲ್ಲಿ, ನನ್ನ ಸವೆದ ಚಪ್ಪಲಿಯನ್ನು ಮಗು ಹಿಡಿದ ಹಾಗೆ ಹಿಡಿದಿದ್ದಳು. ಜನ ನೋಡುತ್ತಿದ್ದರು. ಆಪರೇಷನ್ನು ನಾನು ಶಾಲೆಯಲ್ಲಿ ಒಂದು ಮಗುವಿನ ಜಡೆ ಹೆಣೆಯುತ್ತಿದ್ದೆನಲ್ಲ, ಅಷ್ಟು ಹೊತ್ತೂ ಹಿಡಿಯಲಿಲ್ಲ.

ಪಟ್ಟಿ ಬಿಚ್ಚಿದ ದಿನ ತರಕಾರಿ ಚೀಲ ತನ್ನ ಮೊಳೆಗೆ, ಅಂದರೆ ನನ್ನ ಕೋಣೆಯ ಮೊಳೆಗೆ ವಾಪಸ್ ಬಂತು. ಈಗ ಬದನೆಕಾಯಿಯ ತೂತು ಮಾತ್ರವಲ್ಲ, ಒಳಗಿನ ಹುಳದ ಮುಖಭಾವವೂ ಕಾಣುತ್ತದೆ. ಆದರೆ ಅವತ್ತು ನಾನು ಮೊದಲು ಹೋದದ್ದು ಮಾರ್ಕೆಟ್ಟಿಗಲ್ಲ. ತೊಟ್ಟಿಯ ಮುಂದೆ, ಹಾಜರಿ ಪುಸ್ತಕ ಹಿಡಿದು.

ಪಟ್ಟೆಯವರು ಎಂಟು, ಹಾಜರ್. ಗೌರಾಮಿ ಆರು, ಮೋಲಿ ಆರು, ಮೀಸೆಯವರು ನಾಲ್ಕು. ಗಾಜಿನವರು ಆರು. ಅಬ್ಬಾ, ಎಷ್ಟು ಚೆಂದ! ಮೈಯೊಳಗಿನ ಒಂದೊಂದು ಮುಳ್ಳನ್ನೂ ಎಣಿಸಬಹುದಿತ್ತು. ಮೂವತ್ತಾಯಿತು. ಇನ್ನು ನನ್ನ ಲೀಡರ್ ಎಲ್ಲಿ?

ಮೂಲೆಯಿಂದ ನಿಧಾನವಾಗಿ ತೇಲಿ ಬಂದ. ನೆಟ್ಟಗೆ. ನನ್ನ ಮುಂದೆ ನಿಂತ. ಅವನಿಗೆ ಕಣ್ಣಿರಲಿಲ್ಲ. ಬಾಲವಿರಲಿಲ್ಲ. ಎದೆಯ ಮೇಲಿಂದ ಕೆಳಗೆ ಸಣ್ಣ ಸಣ್ಣ ಗೆರೆಗಳಿದ್ದವು, ಗೆರೆಗಳ ಪಕ್ಕದಲ್ಲಿ ಅಂಕಿಗಳಿದ್ದವು. ಜ್ವರ ನೋಡುವ ಕಡ್ಡಿಯ ದೊಡ್ಡಣ್ಣ. ನೀರಿನ ಸೆಕೆ ಅಳೆಯಲು ಸೊಸೆ ಮೊದಲ ದಿನವೇ ತೇಲಿಬಿಟ್ಟ ಗಾಜಿನ ಕೊಳವೆ!

ಒಂದು ತಿಂಗಳು ಅದಕ್ಕೆ ಶಹಬ್ಬಾಸ್ ಹೇಳಿದ್ದೇನೆ. ಅದನ್ನು ನೋಡಿ ಕಲಿಯಿರಿ ಎಂದು ಮೂವತ್ತು ಜೀವಗಳಿಗೆ ಉಪದೇಶ ಮಾಡಿದ್ದೇನೆ. ಒಂದು ಸಂಜೆ, ನಿಮಗೆ ಮಾತ್ರ ಹೇಳುತ್ತೇನೆ, ಸರಿಯಾಗಿ ತಿನ್ನುತ್ತಿಲ್ಲ ಎಂದು ಅದರ ತಲೆಯ ಮೇಲೆ ಪ್ರತ್ಯೇಕವಾಗಿ ತಿಂಡಿ ಉದುರಿಸಿದ್ದೇನೆ.

ಹಿಂದೆ ಮುಂದೆ ನೋಡಿದೆ. ಹಾಲ್‌ನಲ್ಲಿ ಯಾರೂ ಇರಲಿಲ್ಲ. ಸದ್ಯ, ಇದು ನನಗೂ ಅದಕ್ಕೂ ಮಾತ್ರ ಗೊತ್ತು. ಮೆಲ್ಲಗೆ ಹಾಜರಿ ಪುಸ್ತಕ ತೆರೆದು ಲೀಡರಿನ ಹೆಸರಿನ ಮುಂದೆ ಬೇರೆ ಶಾಲೆಗೆ ಹೋದ ಎಂದು ಬರೆಯಲು ಪೆನ್ಸಿಲ್ ಎತ್ತಿದೆ.

ಅಡುಗೆಮನೆಯಿಂದ ಸೊಸೆಯ ದನಿ ಬಂತು.

"ಅತ್ತೆ, ಇವತ್ತು ಬಿಸಿಲು ಜೋರಾಗಿದೆ. ಲೀಡರ್ ಎಷ್ಟು ಅಂತಾನೆ ನೋಡಿ ಸ್ವಲ್ಪ. ಮೂವತ್ತು ದಾಟಿದ್ರೆ ಫ್ಯಾನ್ ಹಾಕ್ಬಿಡಿ."

ನೋಡಿದೆ. ಮೂವತ್ತೊಂದು ಎನ್ನುತ್ತಿದ್ದ. ಎದ್ದು ಹೋಗಿ ಫ್ಯಾನ್ ಹಾಕಿದೆ.